ಮೂವತ್ತು ಸಲದ ಒಂದು ನಿಮಿಷ

ಆವತ್ತು ಕರೆಂಟು ಹೋಗಬಹುದಿತ್ತು. ಜನರೇಟರ್ ಕೈಕೊಟ್ಟು, ಹೆಪ್ಪುಗಟ್ಟಿಸುವ ಪೆಟ್ಟಿಗೆಯೊಳಗಿನ ಮಾಂಸದ ಚೂರು ಕರಗಿ ಮುದ್ದೆಯಾಗಬಹುದಿತ್ತು. ಬ್ಲೇಡಿನ ಅಂಚು ಮುಕ್ಕಾಗಿರಬಹುದಿತ್ತು. ಸ್ಲೈಡು ನನ್ನ ಕೈಜಾರಿ ಒಡೆಯಬಹುದಿತ್ತು. ಆಪರೇಷನ್ ಥಿಯೇಟರಿನಿಂದ ಲ್ಯಾಬಿಗೆ ಬರುವ ದಾರಿಯಲ್ಲಿ ಡಬ್ಬಿ ಸಮೇತ ನಾನೇ ಬೀಳಬಹುದಿತ್ತು — ಆಗಷ್ಟೇ ನೆಲ ಒರೆಸಿದ್ದರು, ನೋಡಿಕೊಂಡಿದ್ದೆ. ಇವೆಲ್ಲವನ್ನೂ ಹಿಂದಿನ ದಿನವೇ ಕೂತು ಯೋಚಿಸಿಟ್ಟಿದ್ದೆ, ಮೇಡಂ. ಚಿಂತೆಗೆ ಬಡ್ತಿ ಕೊಡುವುದಾಗಿದ್ದರೆ ಆ ಆಸ್ಪತ್ರೆಗೆ ನಾನೇ ಮುಖ್ಯಸ್ಥನಾಗಿರುತ್ತಿದ್ದೆ.

ಅದಾವುದೂ ಆಗಲಿಲ್ಲ. ನಾನು ನಿಮಗೆ ಸುಳ್ಳು ಹೇಳಿದೆ. ಆಮೇಲೆ ಆ ಸುಳ್ಳಿಗೊಂದು ಸಾಕ್ಷಿಯನ್ನೂ ಮಾಡಿಟ್ಟೆ. ನಿಮ್ಮ ಕಣ್ಣಿನ ಮೇಲೆ ನಿಮಗಿದ್ದ ನಂಬಿಕೆ ಹೋದದ್ದು ನನ್ನಿಂದ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಥಿಯೇಟರಿನಲ್ಲಿ ಮಲಗಿದ್ದವರು ನಮ್ಮ ಮಹದೇವಪ್ಪನವರು — ಅದೇ ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿ ನಿವೃತ್ತರಾದ ಹಿರಿಯ ಟೆಕ್ನಿಷಿಯನ್. ಮೇದೋಜ್ಜೀರಕ ಗ್ರಂಥಿಯಲ್ಲಿ ಗಂಟು. ಕ್ಯಾನ್ಸರೋ, ಹಳೆಯ ಊತವೋ? ಹೊಟ್ಟೆ ತೆರೆದಿಟ್ಟುಕೊಂಡೇ ಸರ್ಜನ್ ಕಾಯುತ್ತಿದ್ದರು. ಅವರು ಕಳಿಸಿದ ಚೂರನ್ನು ನಾನು ಹೆಪ್ಪುಗಟ್ಟಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಕೊಡಬೇಕು. ನೀವು ಮೈಕ್ರೋಸ್ಕೋಪಿನಲ್ಲಿ ನೋಡಿ ಇಂಟರ್‌ಕಾಮಿನಲ್ಲಿ ಒಂದು ಮಾತು ಹೇಳಬೇಕು. ಆ ಗ್ರಂಥಿ ಉಳಿಯುವುದೋ ಹೋಗುವುದೋ ಆ ಮಾತಿನ ಮೇಲೆ.

ನೀಲಿ ಬಣ್ಣದಲ್ಲಿ ಸ್ಲೈಡು ಒಂದು ನಿಮಿಷ ಮುಳುಗಿರಬೇಕು. ಗಡಿಯಾರ ನೋಡುವ ಅಭ್ಯಾಸ ನನಗಿರಲಿಲ್ಲ. ಮಹದೇವಪ್ಪನವರು ಕಲಿಸಿದ್ದು ಪಂಚಾಕ್ಷರಿ — ನಿಧಾನಕ್ಕೆ ಮೂವತ್ತು ಸಲ 'ಓಂ ನಮಃ ಶಿವಾಯ' ಅಂದರೆ ಸರಿಯಾಗಿ ಒಂದು ನಿಮಿಷ. ಟೈಮರ್ ಕೆಟ್ಟೋಗ್ತದೆ, ಶಿವ ಕೆಡಾಕಿಲ್ಲ ಕಣಯ್ಯ, ಅನ್ನುತ್ತಿದ್ದರು. ನನ್ನ ತುಟಿ ಅಲ್ಲಾಡುವುದನ್ನು ಮೊದಲ ಸಲ ಕಂಡಾಗ ನೀವು, ನಾಗರಾಜು ಸ್ಲೈಡಿಗೆ ದೀಕ್ಷೆ ಕೊಡ್ತಿದ್ದಾರೆ ಎಂದು ನಕ್ಕಿದ್ದಿರಿ.

ಆವತ್ತೂ ಮೂವತ್ತು ಸಲವೇ ಹೇಳಿದೆ. ಒಂದೂ ಬಿಡಲಿಲ್ಲ. ಆದರೆ ಒಳಗೆ ಮಲಗಿದ್ದವರು ಅದನ್ನು ಕಲಿಸಿದವರೇ — ಎಣಿಕೆ ಯಾವಾಗ ಪ್ರಾರ್ಥನೆಯಾಯಿತೋ ತಿಳಿಯದು. ಬೇಡಿಕೊಳ್ಳುವವನು ನಿಧಾನಕ್ಕೆ ಬೇಡುವುದಿಲ್ಲವಲ್ಲ... ಅರ್ಧ ನಿಮಿಷದಲ್ಲಿ ಮೂವತ್ತೂ ಮುಗಿದಿತ್ತು.

ನೀವು ಬಹಳ ಹೊತ್ತು ನೋಡಿದಿರಿ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ನೋಡಿದಿರಿ.

"ಬಣ್ಣದಲ್ಲಿ ಪೂರ್ತಿ ಹೊತ್ತು ಇಟ್ರಾ, ನಾಗರಾಜು?"

"ಪೂರ್ತಿ ಇಟ್ಟಿದ್ದೀನಿ ಮೇಡಂ."

ಆಗಲೇ ಗೊತ್ತಿತ್ತೇ? — ಗೊತ್ತಿತ್ತು. ಬೆಳಕಿಗೆ ಹಿಡಿದಾಗಲೇ ಸ್ಲೈಡು ಬಿಳಿಚಿಕೊಂಡದ್ದು ಕಂಡಿತ್ತು. ಒಪ್ಪಿಕೊಂಡಿದ್ದರೆ ಉಳಿದ ಚೂರಿನಿಂದಲೇ ಐದು ನಿಮಿಷದಲ್ಲಿ ಇನ್ನೊಂದು ಸ್ಲೈಡು ಮಾಡಬಹುದಿತ್ತು. ನನ್ನ ಮಾತು ನಂಬಿ, ಚೂರೇ ಸರಿಯಿಲ್ಲವೆಂದುಕೊಂಡು ನೀವು ಸರ್ಜನ್ ಹತ್ತಿರ ಹೊಸ ಚೂರು ಕೇಳಿದಿರಿ. ಅವರು ಇಂಟರ್‌ಕಾಮಿನಲ್ಲಿ ಗೊಣಗಿದ್ದು ನನಗೂ ಕೇಳಿಸಿತು. ಮಹದೇವಪ್ಪನವರು ಇನ್ನೊಮ್ಮೆ ಕೊಯ್ಯಿಸಿಕೊಂಡರು. ಎರಡನೆಯದಕ್ಕೆ ಗೋಡೆ ಗಡಿಯಾರ ನೋಡಿದೆ. ಬರೀ ಊತ, ಕ್ಯಾನ್ಸರ್ ಇಲ್ಲ, ಎಂದಿರಿ. ಅವರು ಇವತ್ತಿಗೂ ಮಂಡಿ ಮೊಹಲ್ಲಾದ ಮನೆಯಲ್ಲಿ ಕೂತು, ಕಾಫಿ ಆರಿಹೋಯಿತೆಂದು ಸೊಸೆಯನ್ನು ಕಾಡುತ್ತಿದ್ದಾರೆ.

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ಸಂಜೆ ನೀವು ಹೊರಟ ಮೇಲೆ ಮೊದಲ ಸ್ಲೈಡಿನ ಮೇಲುಗಾಜು ಬಿಡಿಸಿ, ಮತ್ತೆ ಬಣ್ಣ ಹಾಕಿ, ಮೊದಲಿನಂತೆಯೇ ಟ್ರೇನಲ್ಲಿಟ್ಟೆ. ನನ್ನ ಕೈಕೆಲಸ ಬಿಳಿಚಿಕೊಂಡು ಕೂತಿರುವುದು ಬೇಡ, ಅಷ್ಟೇ ಅಂದುಕೊಂಡದ್ದು — ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಮರುದಿನ ನೀವು ಅದನ್ನೇ ತೆಗೆದು ನೋಡಿದಿರಿ.

"ಎಲ್ಲಾ ಕಾಣಿಸ್ತಿದೆಯಲ್ರೀ ಇದ್ರಲ್ಲಿ. ನಿನ್ನೆ ನನಗೇ ಕಾಣ್ಲಿಲ್ಲ."

ನಾನು ಸೀಸೆ ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ.

ಆ ಶನಿವಾರ ನೀವು ಕಣ್ಣಿನ ಡಾಕ್ಟರ ಹತ್ತಿರ ಹೋದಿರಿ. ಕಣ್ಣಿಗೇನೂ ಆಗಿಲ್ಲ ಎಂದರಂತೆ, ನೀವು ನಂಬಲಿಲ್ಲ. ಆಮೇಲೆ ಥಿಯೇಟರಿನಿಂದ ಡಬ್ಬಿ ಬಂದಾಗಲೆಲ್ಲ ಕಿರಿಯ ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದಿರಿ. ವರ್ಷದೊಳಗೆ ಆ ಕುರ್ಚಿಯನ್ನೇ ಅವರಿಗೆ ಬಿಟ್ಟುಕೊಟ್ಟಿರಿ. ಒಂದೇ ನೋಟಕ್ಕೆ ಹೇಳುತ್ತಿದ್ದವರು. ನನ್ನ ಮಗಳ ನಾಮಕರಣಕ್ಕೆ ಬಂದು, ಅವಳ ಕಿವಿಯ ಹಿಂದಿನ ಮಚ್ಚೆಯನ್ನು ನನ್ನ ಹೆಂಡತಿಗಿಂತ ಮೊದಲು ಕಂಡವರು — ಆ ಕಣ್ಣು, ಮೇಡಂ...

ಹೋದ ವಾರ ಮಹದೇವಪ್ಪನವರ ಮುಂದೆ ಕೂತು ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಸುಮ್ಮನೆ ಅಂಗಿ ಎತ್ತಿ ಹೊಟ್ಟೆಯ ಮೇಲಿನ ಗೆರೆ ಸವರಿಕೊಂಡರು.

"ನನ್ ಹೊಟ್ಟೆ ಬುಡಯ್ಯ, ಕೂಡ್ಕೊಂಡದೆ. ಆಯಮ್ಮನ್ಗೆ ಓಗಿ ಯೋಳು."

ಅದಕ್ಕೇ ಈ ಕಾಗದ. ಅಂಚೆಗೆ ಹಾಕುವುದಿಲ್ಲ, ಭಾನುವಾರ ಬೋಗಾದಿಗೆ, ನಿಮ್ಮ ಮನೆಗೆ ನಾನೇ ತರುತ್ತೇನೆ. ಓದಿ ಮುಗಿಸುವವರೆಗೂ ಎದುರಿಗೇ ನಿಂತಿರುತ್ತೇನೆ. ನೀವು ಬಾಗಿಲು ಹಾಕಿಕೊಳ್ಳಬಹುದು, ಇಲ್ಲವೇ ಕೂರಿ ಎಂದುಬಿಡಬಹುದು — ಕೂರಿ ಅನ್ನುವುದಕ್ಕೇ ಹೆಚ್ಚು ಹೆದರಿದ್ದೇನೆ.

ಆ ಸ್ಲೈಡನ್ನು ನೀವು ಮೊದಲ ಸಲ ನೋಡಿದಾಗ ಕಾಣಬೇಕಾದದ್ದು ಅದರಲ್ಲಿ ಇರಲೇ ಇಲ್ಲ. ನಿಮ್ಮ ಕಣ್ಣು ಇದ್ದದ್ದನ್ನು ಇದ್ದಹಾಗೆ ನೋಡಿತ್ತು. ಆವತ್ತು ತಾನಾಗಿ ತಪ್ಪಿದ್ದು ಅರ್ಧ ನಿಮಿಷ. ಮಿಕ್ಕದ್ದೆಲ್ಲ ನಾನು ಮಾಡಿದ್ದು.