ತಾರೀಖು ಬರೆಯದ ಭಿತ್ತಿಪತ್ರ

೧೨ ಮಾರ್ಚ್ ೧೯೬೭, ಭಾನುವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ.

ಚುನಾವಣೆ ಮುಗಿದಿದೆ. ಈಗಷ್ಟೇ ಬಾಗಿಲು ತೆರೆದಾಗ ಎದುರು ಮನೆಯವರು ಗೋಡೆಗೆ ನೀರೆರಚಿ ಹಳೆಯ ಭಿತ್ತಿಪತ್ರಗಳನ್ನು ಕೆರೆಯುತ್ತಿದ್ದರು. ನೆನೆದ ಕಾಗದದಿಂದ ಮೈದಾ ಅಂಟಿನ ಹುಳಿ ವಾಸನೆ ಎದ್ದು ಓಣಿಯಲ್ಲಿ ತೇಲಿತು. ಆ ವಾಸನೆಯ ಹಿಂದೆಯೇ, ನಾನು ಚಿಕ್ಕವಳಿದ್ದಾಗ ಊರಿಗೆಲ್ಲ ಭಿತ್ತಿಪತ್ರ ಅಂಟಿಸುತ್ತಿದ್ದ ಕಾಕಾ ಬಂದಂತಾಯಿತು… ಹೆಗಲ ಮೇಲೆ ಏಣಿ, ಕೈಯಲ್ಲಿ ಅಂಟಿನ ಡಬ್ಬಿ, ಮುಂಗೈವರೆಗೂ ಒಣಗಿದ ಬಿಳಿ ಪದರು. ಎಷ್ಟು ಹೊತ್ತು ಹೊಸ್ತಿಲಲ್ಲೇ ನಿಂತಿದ್ದೆನೋ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲೇ ಅವರ ಮನೆಯಿತ್ತು. ಎಲ್ಲ ಪಕ್ಷಗಳಿಗೂ, ನಾಟಕ ಕಂಪನಿಗಳಿಗೂ, ಕೂಲಿಕಾರರ ಸಂಘಕ್ಕೂ, ವ್ಯಾಪಾರಿಗಳ ಸಂಘಕ್ಕೂ ಅವರೇ ಭಿತ್ತಿಪತ್ರ ಅಂಟಿಸುತ್ತಿದ್ದರು. ಅವರದೊಂದು ರೀತಿಯಿತ್ತು. ಒಬ್ಬರ ಸಭೆಯ ತಾರೀಖು ದಾಟುವವರೆಗೆ ಅದರ ಮೇಲೆ ಇನ್ನೊಬ್ಬರ ಕಾಗದ ಹಚ್ಚುತ್ತಿರಲಿಲ್ಲ.

"ಅಂವನ ಮಾತ ಮುಗಿಯೂತನಕ ಇಂವ ಬಾಯಿ ಹಾಕಬಾರದವಾ," ಎಂದು ನನಗೊಮ್ಮೆ ಹೇಳಿದ್ದರು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ, ನಮ್ಮ ಓಣಿಯ ಹೆಣ್ಣುಮಕ್ಕಳ ಶಾಲೆಯನ್ನು ಮುಚ್ಚಿ ಕಟ್ಟಡವನ್ನು ವ್ಯಾಪಾರಿಗಳ ಸಂಘಕ್ಕೆ ಗೋದಾಮಿಗಾಗಿ ಕೊಡುತ್ತಾರೆಂಬ ಸುದ್ದಿ ಹಬ್ಬಿತು. ಸಂಘದವರಿಗೆ ಬೇಕಾದ ಪತ್ರಿಕೆಯೊಂದು, ಓಣಿಯವರೆಲ್ಲ ಇದಕ್ಕೆ ಒಪ್ಪಿದ್ದಾರೆಂದು ಬರೆಯಿತು. ನಮ್ಮನ್ನು ಯಾರೂ ಕೇಳಿರಲಿಲ್ಲ. ಕಾಕಾನ ಮಗಳು ಅದೇ ವರ್ಷ ಒಂದನೇ ಇಯತ್ತೆಗೆ ಸೇರಿದ್ದಳು. ಆ ಮನೆಯಲ್ಲಿ ಪಾಟಿ ಹಿಡಿದವಳು ಅವಳೇ ಮೊದಲು. ಸಂಜೆ ಅವಳು ತಿದ್ದಿದ ಅಕ್ಷರಗಳನ್ನು ಕಾಕಾ ಬೆಳಕಿಗೆ ಹಿಡಿದು ನೋಡುತ್ತಿದ್ದರು, ಅಂಕಿ ಬಿಟ್ಟು ಬೇರೇನೂ ಓದಲು ಬಾರದಿದ್ದರೂ.

ಅವ್ವ ಮತ್ತು ಓಣಿಯ ಹೆಂಗಸರು ಸೇರಿ ಹಳೆಯ ಪತ್ರಿಕೆಗಳ ಮೇಲೆ ದಪ್ಪ ಕಾಡಿಗೆಯಲ್ಲಿ ಬರೆದರು: "ಸಾಲಿ ಉಳಿಸ್ರಿ. ಮುಂಜಾನೆ ಎಂಟಕ್ಕ ಮುನಸಿಪಾಲಿಟಿ ಮುಂದ ಬರ್ರಿ." ಕಾಕಾ ಎಲ್ಲವನ್ನೂ ಹಚ್ಚಿ ಬಂದು ಏಣಿ ಇಳಿಸುತ್ತ ಕೇಳಿದರು.

"ಅಕ್ಕಾರ, ಅಂಕಿನ ಕಾಣವಲ್ಲವು. ತಾರೀಖು ಎಲ್ಲಿ ಬರದೀರಿ?"

ಅವ್ವ ಹಣೆ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಸೋಮವಾರ ಅಂತ ಬರಿಯಾಕಿದ್ದೆ, ಒಲಿ ಮ್ಯಾಲ ಹಾಲು ಉಕ್ಕಿತು ನೋಡ್ರಿ!"

ಹಾಗಾಗಿ ಮರುದಿನವೇ ಕೆಲವರು ಬಂದರು. ಅದರ ಮರುದಿನ ಬೇರೆ ಓಣಿಯವರು. "ಇವತ್ತಲ್ಲೇನ್ರಿ?" ಎಂದು ಕೇಳಿದವರನ್ನು ಹಿಂದೆ ಕಳಿಸುವುದು ಹೇಗೆ? ಒಂದು ಮುಂಜಾನೆಯ ಮೆರವಣಿಗೆ ದಿನನಿತ್ಯದ್ದಾಯಿತು. ಕಂಕುಳಲ್ಲಿ ಕೂಸು, ಕೈಯಲ್ಲಿ ರೊಟ್ಟಿಯ ಗಂಟು… ಪುರಸಭೆಯ ಮೆಟ್ಟಿಲ ಮೇಲೆ ಬಣ್ಣಬಣ್ಣದ ಸೀರೆಗಳು ಎಳೆಬಿಸಿಲಿನಲ್ಲಿ ಕೂತಿರುತ್ತಿದ್ದವು. ಎದುರಿಗೆ ಚಹಾ ಕುಡಿಯಲು ಬರುತ್ತಿದ್ದ ಇನ್ನೊಂದು ಪತ್ರಿಕೆಯ ವರದಿಗಾರ ದಿನವೂ ಮೂಲೆಯಲ್ಲೊಂದು ಸಣ್ಣ ಸುದ್ದಿ ಹಾಕತೊಡಗಿದ. ತಲೆಬರಹ ಒಂದೇ: "ಇಂದೂ ಬಂದರು". ನಾನು ಒಂದೊಂದನ್ನೂ ಕತ್ತರಿಸಿ ದಿನಚರಿಗೆ ಅಂಟಿಸುತ್ತಿದ್ದೆ.

ಆಗ ಸಂಘದ ಗುಮಾಸ್ತ ಭಿತ್ತಿಪತ್ರಗಳ ಕಟ್ಟು ತಂದು ಕಾಕಾನ ಕಟ್ಟೆಯ ಮೇಲೆ ಒಗೆದ. ನಾವೆಲ್ಲ ನಮ್ಮ ನಮ್ಮ ಬಾಗಿಲಲ್ಲಿ ನಿಂತು ನೋಡಿದೆವು.

"ನಾಳಿ ನಮ್ಮ ಸಭಾ ಐತಿ. ಆ ಕಾಡಗಿ ಪೇಪರಿನ ಮ್ಯಾಲ ಇವನ್ನ ಹಚ್ಚು."

"ಅವುಗಳ ತಾರೀಖು ಇನ್ನೂ ದಾಟಿಲ್ಲರಿ."

"ತಾರೀಖ ಇಲ್ಲಲ್ಲೋ ಮಾರಾಯಾ ಅದರಾಗ!"

"ಹಂಗಂದ್ರ ಹೆಂಗ ದಾಟೀತ್ರಿ?"

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಗುಮಾಸ್ತನ ಮುಖ ಕೆಂಪಾಯಿತು. "ಭಾಳ ಶಾಣ್ಯಾ ಆಗಬ್ಯಾಡ. ನಾಳಿಂದ ಈ ಊರಾಗ ನಿನಗ ಯಾರ ಕಾಗದಾ ಕೊಡ್ತಾರ, ನೋಡ್ತೇನಿ."

ಕಾಕಾ ಅಂಟು ಕಲಕುತ್ತಲೇ ಇದ್ದರು. "ಹೆಣ್ಣಮಕ್ಕಳು ಇನ್ನೂ ಮಾತಾಡಾಕತ್ತಾರ್ರಿ, ಸಾಹೇಬ್ರ. ನಡುವ ನಾ ಹೆಂಗ ಅವರ ಬಾಯಿ ಮುಚ್ಚಲಿ?"

ಮುಂದೆ ಪುರಸಭೆಯ ಬೈಠಕ್ಕು ಕೂಡಿದಾಗ, ಗೋದಾಮಿಗೆ ಕೈ ಎತ್ತುತ್ತೇನೆಂದು ಮಾತು ಕೊಟ್ಟಿದ್ದ ನಮ್ಮ ಓಣಿಯ ಸದಸ್ಯರೇ ಎದ್ದು ನಿಂತು, ತಾವು ಮೊದಲಿನಿಂದಲೂ ಶಾಲೆಯ ಪರವೆಂದರಂತೆ. ಠರಾವು ಬಿದ್ದುಹೋಯಿತು. ಓಣಿಯಲ್ಲಿ ಸಕ್ಕರೆ ಹಂಚಿದರು.

ಆದರೆ ಗುಮಾಸ್ತನ ಮಾತೂ ನಿಜವಾಯಿತು. ಛಾಪಖಾನೆಗಳು, ನಾಟಕದವರು, ಕೊನೆಗೆ ಪಕ್ಷಗಳವರೂ ಒಬ್ಬೊಬ್ಬರಾಗಿ ಕಾಕಾನನ್ನು ಕರೆಯುವುದನ್ನು ಬಿಟ್ಟರು. ವ್ಯಾಪಾರಿಗಳನ್ನು ಎದುರು ಹಾಕಿಕೊಳ್ಳುವ ಮನಸ್ಸು ಯಾರಿಗೂ ಇರಲಿಲ್ಲ. ಒಂದು ಬೆಳಗು ಮಂಜಿನಲ್ಲಿ ಟಾಂಗಾ ಬಂತು. ಕಾಕಾ, ಅವರ ಹೆಂಡತಿ, ನಡುವೆ ಪಾಟಿಯನ್ನು ಎದೆಗವಚಿಕೊಂಡ ಆ ಹುಡುಗಿ… ಸೊಲ್ಲಾಪುರದ ಗಿರಣಿಗೆ ಹೋದರೆಂದು ಕೆಲವರು, ಗದಗಿಗೆ ಎಂದು ಕೆಲವರು. ಟಾಂಗಾ ತಿರುವಿನಲ್ಲಿ ಮರೆಯಾದ ಮೇಲೂ ಗೊರಸಿನ ಸದ್ದು ಕೇಳುತ್ತಲೇ ಇತ್ತು.

ಒಂದನೇ ಇಯತ್ತೆಗೆ ಕಲಿಸುತ್ತಿದ್ದ ಬಾಯಿಯವರು ಹಾಜರಿ ಕರೆಯುವಾಗ ಆ ಹುಡುಗಿಯ ಹೆಸರನ್ನು ಬಹಳ ದಿನ ಬಿಡಲಿಲ್ಲ. ಕರೆದು, ಒಂದು ಗಳಿಗೆ ಕಾದು, ಮುಂದಕ್ಕೆ ಹೋಗುತ್ತಿದ್ದರು.

ಈಗ ನನ್ನ ತಂಗಿ ಅದೇ ಶಾಲೆಗೆ ಹೋಗುತ್ತಾಳೆ. ಶಾಲೆಯನ್ನು ಉಳಿಸಿದವರೆಂದು ನಾವೆಲ್ಲ ಹೇಳಿಕೊಳ್ಳುತ್ತೇವೆ. ಉಳಿದದ್ದು ನಮ್ಮ ಮಕ್ಕಳಿಗೆ. ಕಾಕಾನ ಮಗಳಿಗೆ ಈಗ ಹದಿನಾಲ್ಕೋ ಹದಿನೈದೋ ಇರಬೇಕು. ಅವಳು ಆಮೇಲೆ ಎಲ್ಲಾದರೂ ಶಾಲೆಗೆ ಹೋದಳೇ, ಎಷ್ಟನೇ ಇಯತ್ತೆಯವರೆಗೆ ಓದಿದಳು, ಬಲ್ಲವರು ಯಾರಾದರೂ ಇದ್ದರೆ, ದಿನಚರಿಯ ಈ ಪುಟವನ್ನು ನಾನು ಕಳಿಸುತ್ತಿರುವ ಈ ಪತ್ರಿಕೆಗೆ ಎರಡು ಸಾಲು ಬರೆಯಿರಿ. ಹೋಗಲಿಲ್ಲ ಎಂದಾದರೂ ಬರೆಯಿರಿ.