ಹಲ್ಲುಗಳ ಹಾಜರಿ

ಅವರ ಬಲಗಾಲಿನ ಚಪ್ಪಲಿ ಯಾವಾಗಲೂ ಎಡಗಾಲಿನದಕ್ಕಿಂತ ಮೊದಲು ಸವೆಯುತ್ತಿತ್ತು. ಎಡಗಾಲಿನದು ಇನ್ನೂ ಹೊಸದಾಗಿ ಮಿರುಗುತ್ತಿರುವಾಗಲೇ ಬಲಗಾಲಿನದು ಕಾಗದದಷ್ಟು ತೆಳ್ಳಗಾಗಿ ಹಿಮ್ಮಡಿಯ ಹತ್ತಿರ ತೂತು ಬಿದ್ದಿರುತ್ತಿತ್ತು. ಹಲ್ಲು ಕೊರೆಯುವ ಯಂತ್ರವನ್ನು ಅವರು ಆ ಕಾಲಿನಿಂದಲೇ ತುಳಿಯುತ್ತಿದ್ದರು. ಸಿಂದಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವನು, "ಡಾಕ್ಟರ್ ಸಾಹೇಬ್ರ, ಈ ಸಲ ಬಲಗಾಲಿಂದು ಎರಡು ಮಾಡಿಕೊಡ್ಲೇನ್ರಿ?" ಎಂದು ಚೇಷ್ಟೆ ಮಾಡುತ್ತಿದ್ದನಂತೆ. ಅವರು ಅದನ್ನು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಜ್ವರಕ್ಕೆ, ಹೆರಿಗೆಗೆ ಡಾಕ್ಟರಿರುತ್ತಾರೆ, ಹಲ್ಲಿಗೂ ಬೇರೆ ಡಾಕ್ಟರಿರುತ್ತಾರೆ ಎಂಬುದೇ ನಮ್ಮ ಕಡೆ ಅನೇಕರಿಗೆ ಗೊತ್ತಿರಲಿಲ್ಲ. ಇವರು ವಿಜಾಪುರದವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹೀಗೆ ನಾಲ್ಕು ಊರುಗಳಿಗೆ ಆಯಾ ಊರಿನ ಸಂತೆಯ ದಿನ ಬರುತ್ತಿದ್ದರು. ಯಂತ್ರವನ್ನು ಬಿಚ್ಚಿ ಟ್ರಂಕಿಗೆ ತುಂಬಿ ಬಸ್ಸಿನ ಟಾಪಿನ ಮೇಲೆ ಏರಿಸುತ್ತಿದ್ದರು. ಒಮ್ಮೆ ಆಲಮೇಲದ ಹೆಣ್ಣುಮಗಳೊಬ್ಬಳು ಅದರ ಚಕ್ರ, ಕಾಲುಹಲಗೆ ನೋಡಿ ಹೊಲಿಗೆ ಮಶಿನ್ ಎಂದುಕೊಂಡು, ಅವರ ಕೈಗೆ ಕುಪ್ಪಸದ ಖಣ ಕೊಟ್ಟು ಅಳತೆ ಹೇಳತೊಡಗಿದ್ದಳಂತೆ. ಅವರು ಪೂರ್ತಿ ಕೇಳಿಸಿಕೊಂಡು, ಖಣ ಒಯ್ದು ಒಬ್ಬ ದರ್ಜಿಗೆ ಕೊಟ್ಟು, ಮುಂದಿನ ಸಂತೆಗೆ ಹೊಲಿಸಿಕೊಂಡು ಬಂದಿದ್ದರು. ಅಂಥ ಮನುಷ್ಯ.

ಸಿಂದಗಿಯಲ್ಲಿ ಅರಿವೆ ಅಂಗಡಿಯ ಮೇಲಿನ ಕೋಣೆ ಅವರದು. ಈಗ ಆ ಕೋಣೆಯನ್ನು ನೆನೆದರೆ ಮೊದಲು ಬರುವುದು ಲವಂಗದೆಣ್ಣೆಯ ವಾಸನೆ. ಅದರ ಹಿಂದೆಯೇ ಕೆಳಗಿನ ಸಂತೆಯ ಗದ್ದಲ, ನೀರೊಳಗೆ ಮುಳುಗಿ ಕೇಳಿದ ಹಾಗೆ. ಆಮೇಲೆ ಕಿಟಕಿಯಿಂದ ಬಿದ್ದ ಬಿಸಿಲಿನ ತುಂಡು, ಅದರಲ್ಲಿ ಅರಿವೆಯ ಎಳೆಗಳಂತೆ ತೇಲುವ ಧೂಳು, ನಡುವೆ ಕ್ಷೌರದವರಿಂದ ಕೊಂಡ ಒಂದು ಹಳೆಯ ಕುರ್ಚಿ. ಇದೆಲ್ಲ ನಿಜವಾಗಿ ಇತ್ತೋ, ನಾನು ಕನಸಿನಲ್ಲಿ ಕಂಡೆನೋ ಎಂದು ಕೆಲವೊಮ್ಮೆ ಅನ್ನಿಸುವುದುಂಟು. ಆಗ ನಾಲಗೆಯಿಂದ ಹಲ್ಲುಗಳನ್ನು ಮುಟ್ಟಿ ನೋಡಿಕೊಳ್ಳುತ್ತೇನೆ.

ನಾನಾಗ ಸಿಂದಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಕಲಿಸುತ್ತಿದ್ದೆ. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಮೂವತ್ತು ತುಂಬಿದ್ದ ಈ ಅಕ್ಕೋರ ಬಾಯಿ ಹೇಗಿತ್ತೆಂದು ಊರಿಗೆ ಗೊತ್ತಿರಲಿಲ್ಲ, ಯಾಕೆಂದರೆ ಅದರ ಮುಂದೆ ಸದಾ ಸೆರಗು ಇರುತ್ತಿತ್ತು.

ಹಲ್ಲುನೋವು ನನಗೆ ಹದಿನಾಲ್ಕನೆಯ ವಯಸ್ಸಿಗೇ ಗಂಟುಬಿದ್ದಿತ್ತು. ಯಂಕಂಚಿಯ ನಮ್ಮಜ್ಜಿ ಹಲ್ಲಿಗೆ ಹುಳ ಬಿದ್ದಿದೆಯೆಂದು ಹೇಳಿ, ನೆಲಗುಳ್ಳದ ಬೀಜಗಳನ್ನು ಕೆಂಡದ ಮೇಲೆ ಸುರಿದು, ಆ ಹೊಗೆಗೆ ನನ್ನ ಬಾಯಿ ತೆರೆಸಿ ಕೂರಿಸಿದಳು. ಗಲ್ಲದ ಕೆಳಗೆ ನೀರಿನ ಬಟ್ಟಲು. ನೀರಿನಲ್ಲಿ ಬೆಳ್ಳಗೆ ಎಂಥದೋ ತೇಲಿತು. "ನೋಡ, ಹುಳ ಬಿದ್ದೂವು" ಎಂದಳು. ಅದು ಹುಳವೋ ಬೀಜದ ಚೂರೋ ದೇವರೇ ಬಲ್ಲ. ಮೂರು ದಿನ ಊರಿಗೆ ಹೋಗಿದ್ದ ನೋವು ನಾಲ್ಕನೆಯ ದಿನ ಬಳಗವನ್ನೆಲ್ಲ ಕಟ್ಟಿಕೊಂಡು ಬಂತು. ಆಮೇಲೆ ಎಕ್ಕೆಯ ಹಾಲಾಯಿತು, ಲವಂಗವಾಯಿತು, ಕೊನೆಗೆ ಮಿಶ್ರಿ. ಸುಟ್ಟ ತಂಬಾಕಿನ ಆ ಕರಿಪುಡಿಯನ್ನು ತಿಕ್ಕಿದರೆ ವಸಡು ಮರಗಟ್ಟುತ್ತದೆ, ಹಲ್ಲು ಕರ್ರಗಾಗುತ್ತದೆ. ಕರ್ರಗಾದದ್ದನ್ನು ತೋರಿಸಲು ನಾಚಿಕೆ, ತೋರಿಸದೆ ಹೋದರೆ ಇನ್ನಷ್ಟು ಕೊಳೆಯುತ್ತದೆ, ಆಗ ಇನ್ನಷ್ಟು ನಾಚಿಕೆ. ಹದಿನಾರು ವರ್ಷ ಗಾಣದೆತ್ತಿನ ಹಾಗೆ ಇದರಲ್ಲೇ ಸುತ್ತಿದೆ.

ಮನೆಮಂದಿ ಖಡಕ್ ರೊಟ್ಟಿ ಕಟಕಟ ಮುರಿದು ತಿನ್ನುವಾಗ ನಾನು ಸಾರಿನಲ್ಲಿ ನೆನೆಹಾಕಿ, ಇದೇ ನನಗೆ ರುಚಿ ಎನ್ನುತ್ತಿದ್ದೆ. ಸೆರಗು ಮರೆಮಾಡಿ ಮಾತಾಡುವುದನ್ನು ನೋಡಿ ಓಣಿಯ ಹಿರಿಯರು, "ಇಷ್ಟ ಕಲ್ತರೂ ಎಷ್ಟ ಮರ್ಯಾದಿ ನೋಡ್ರಿ" ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿ ನನಗೆ ಅಳು ಬರುತ್ತಿತ್ತು. ಮದುವೆಯಾಗಿ ಹತ್ತು ವರ್ಷವಾದರೂ ನಮ್ಮ ಯಜಮಾನರು ನಾನು ಬಾಯಿ ತುಂಬ ನಕ್ಕಿದ್ದನ್ನು ನೋಡಿರಲಿಲ್ಲ. ಇವಳ ಸ್ವಭಾವವೇ ಹೀಗೆ ಎಂದು ಒಪ್ಪಿಕೊಂಡುಬಿಟ್ಟಿದ್ದರು. ಒಪ್ಪಿಕೊಂಡದ್ದೇ ನನಗೆ ಹೆಚ್ಚು ನೋಯುತ್ತಿತ್ತು.

ಹೀಗೆಯೇ ಮುದುಕಿಯಾಗುತ್ತಿದ್ದೆನೋ ಏನೋ. ಆದರೆ ಒಂದು ಬೆಳಿಗ್ಗೆ ಹಿರಿಯ ಅಕ್ಕೋರು ನನ್ನ ವರ್ಗಕ್ಕೆ ಬಂದು, ಮಕ್ಕಳಿಗೆ ಅಕ್ಷರ ಹೇಳಲು ಹೇಳಿದರು. ನಲವತ್ತು ಹುಡುಗಿಯರು ಎದ್ದು ನಿಂತರು. ನಲವತ್ತು ಎಡಗೈಗಳು ಮೇಲೆದ್ದು ನಲವತ್ತು ಬಾಯಿ ಮುಚ್ಚಿದವು. ಲಂಗದ ಅಂಚು ಎಟುಕಿದವರು ಅದನ್ನೇ ಹಿಡಿದುಕೊಂಡರು. ಅದರ ಹಿಂದಿನಿಂದ ಗುಂಯ್ ಎಂದು "ಅ, ಆ, ಇ, ಈ" ಹೊರಟಿತು.

"ಬಾಯಿ ಯಾಕ ಮುಚ್ಕೊಂಡೀರೇ?" ಹಿರಿಯ ಅಕ್ಕೋರು ಕೇಳಿದರು.

"ಅಕ್ಷರ ಅನ್ನೂಮುಂದ ಮುಚ್ಕೋಬೇಕ್ರಿ. ನಮ್ಮ ಅಕ್ಕೋರು ಹಿಂಗಽ ಕಲಿಸ್ಯಾರ್ರಿ" ಎಂದಳು ಮುಂದಿನ ಸಾಲಿನ ಹುಡುಗಿ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ನಿಂತ ನೆಲ ಬಾಯ್ತೆರೆಯಬಾರದೇ ಅನ್ನಿಸಿತು. ನನ್ನ ಬಾಯಿಯನ್ನು ನಾನು ಮುಚ್ಚಿಕೊಂಡದ್ದು ನನ್ನ ಪಾಡು. ಈ ಮಕ್ಕಳ ಬಾಯಿಗೂ ಕೈ ಅಡ್ಡ ಹಿಡಿಸಿದೆನಲ್ಲ!

ಆ ವಾರದ ಸಂತೆಗೆ ಚೀಲ ಹಿಡಿದು ಹೊರಟವಳು ಅರಿವೆ ಅಂಗಡಿಯ ಮೆಟ್ಟಿಲು ಹತ್ತಿದೆ. ಅರ್ಧಕ್ಕೆ ಹೋಗಿ ಇಳಿದೆ. ಮುಂದಿನ ವಾರವೂ ಅಷ್ಟೇ. ನೋವಿಗೆ ಅಂಜಿದ್ದಕ್ಕಿಂತ ಡಾಕ್ಟರು ಏನೆನ್ನುತ್ತಾರೋ ಎಂದೇ ಹೆಚ್ಚು ಅಂಜಿದ್ದೆ. 'ಅಕ್ಕೋರಾಗಿ ಇಷ್ಟು ಗಲೀಜೇನ್ರಿ?' ಎಂದು ಬೈದರೆ? ಮೂರನೆಯ ವಾರ ಅವರು ಮೆಟ್ಟಿಲ ಮೇಲೆಯೇ ಚಹಾದ ಬಶಿ ಹಿಡಿದು ನಿಂತಿದ್ದರು. ನನ್ನ ಏರಿಳಿತ ಕಿಟಕಿಯಿಂದ ಕಂಡಿದ್ದಿರಬೇಕು.

"ಅಕ್ಕೋರ, ಮ್ಯಾಲ ಗಾಳಿ ಚೊಲೋ ಬರ್ತೈತಿ. ಸ್ವಲ್ಪ ಕುಂತು ಹೋಗ್ರಿ" ಎಂದರು. "ಇವತ್ತ ಬಾಯಿ ಮಾತ್ರ ತೆಗೀಬ್ಯಾಡ್ರಿ. ನನಗೂ ಟೈಮ್ ಇಲ್ಲ."

ಟೈಮ್ ಇಲ್ಲ ಎಂದವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಯಂತ್ರಕ್ಕೆ ಎಣ್ಣೆ ಬಿಟ್ಟು, ಸುಮ್ಮನೆ ಖಾಲಿ ತುಳಿಯತೊಡಗಿದರು. "ಇದರ ದನಿ ಒಂದು ಕೇಳಿಟ್ಕೋರಿ, ಸಾಕು." ಗುರ್ರ್ ಎಂದು ಏರಿ, ಇಳಿದು, ಮತ್ತೆ ಏರುವ ದನಿ. ನಸುಕಿನಲ್ಲಿ ಅಜ್ಜಿ ಬೀಸುತ್ತಿದ್ದ ಕಲ್ಲಿನ ದನಿಯೂ ಹೀಗೇ ಇತ್ತು. ಸಂತೆ ದೂರ ದೂರ ಹೋಯಿತು. ಬಿಸಿಲು ಪಾದದ ಮೇಲೆ ಬೆಚ್ಚಗಿತ್ತು. ನೋವಿನಿಂದ ತಿಂಗಳುಗಟ್ಟಲೆ ಸರಿಯಾಗಿ ಮಲಗದವಳು ಅಲ್ಲಿ, ಆ ಅಂಜಿಕೆಯ ಕುರ್ಚಿಯಲ್ಲೇ, ನಿದ್ದೆ ಹೋಗಿಬಿಟ್ಟೆ.

ಎಚ್ಚರಾದಾಗ ಬಿಸಿಲು ಗೋಡೆ ಹತ್ತಿತ್ತು. ಅವರು ಮೂಲೆಯಲ್ಲಿ ಪೇಪರ್ ಓದುತ್ತಿದ್ದರು. ಬಾಗಿಲ ಹತ್ತಿರ ಕನ್ನೊಳ್ಳಿಯ ರೈತನೊಬ್ಬ ಬಾತ ಗಲ್ಲಕ್ಕೆ ಟಾವೆಲ್ ಕಟ್ಟಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದ. ಗಾಬರಿಯಿಂದ ಎದ್ದೆ. "ಮಲಕೋರಿ ಅಕ್ಕೋರ" ಎಂದ ಆತ. "ನನ್ನ ಹಲ್ಲಿನ ಬ್ಯಾನಿ ಏನ ಇಂದು ನಿನ್ನಿದಲ್ಲ, ಆರು ತಿಂಗಳದ್ದೈತಿ. ಇನ್ನೊಂದು ತಾಸಿಗೆ ಏನಾಗ್ತೈತಿ?"

ಮುಂದಿನ ಸಂತೆಗೆ ನಾನಾಗಿಯೇ ಪೂರ್ತಿ ಮೆಟ್ಟಿಲು ಹತ್ತಿದೆ. ಕುರ್ಚಿಯಲ್ಲಿ ಕೂತೆ. ಸೆರಗು ಮಾತ್ರ ಕೈಬಿಡಲಿಲ್ಲ. ಅವರು ಸ್ವಲ್ಪ ಹೊತ್ತು ನೋಡಿ, ಒಂದು ಸ್ಟೂಲು ಎಳೆದುಕೊಂಡು, ನನಗೆ ಬೆನ್ನು ಮಾಡಿ ಗೋಡೆಯ ಕಡೆ ಮುಖ ತಿರುಗಿಸಿ ಕೂತರು. ತೊಡೆಯ ಮೇಲೆ ಕಾಗದ, ಕೈಯಲ್ಲಿ ಪೆನ್ಸಿಲ್ಲು.

"ದಿನಾ ಸಾಲ್ಯಾಗ ಹಾಜರಿ ತಗೋತೀರಿಲ್ಲೋ? ಇವತ್ತ ಹಲ್ಲಿಂದ ತಗೋರಿ. ನಾಲಗಿ ಆಡಿಸ್ಕೋತ ಹೋಗಿ ಒಂದೊಂದಽ ಹೇಳ್ರಿ, ನಾ ಬರಕೋತೇನಿ. ನಾ ಏನೂ ನೋಡಂಗಿಲ್ಲ."

ನಾಲಗೆಯನ್ನು ಒಳಗೇ ಒಮ್ಮೆ ಸುತ್ತ ಆಡಿಸಿದೆ. ಆಮೇಲೆ ಮೇಲಿನ ಸಾಲಿನ ಕೊನೆಯಿಂದ ಶುರುಮಾಡಿದೆ.

"ಹಾಜರ್."

"ಹೂಂ."

"ಗೈರ್. ಅದರ ಬಾಜೂಕಿಂದೂ ಗೈರ್. ಮುಂದಿಂದು ಬಂದೈತ್ರಿ, ಆದ್ರ ಆರಾಮಿಲ್ಲ."

"ಎಷ್ಟ ದಿನದಿಂದ ಆರಾಮಿಲ್ಲ?"

"ಹದಿನಾರು ವರ್ಷ."

ಪೆನ್ಸಿಲ್ಲು ನಿಲ್ಲಲಿಲ್ಲ. ಅಜ್ಜಿಯ ಹೊಗೆ, ಎಕ್ಕೆಯ ಹಾಲು, ಮಿಶ್ರಿ, ಎಲ್ಲವನ್ನೂ ಆ ಬೆನ್ನಿಗೆ ಹೇಳಿದೆ. ಮುಖಕ್ಕೆ ಹೇಳಲಾಗದ್ದನ್ನು ಬೆನ್ನಿಗೆ ಹೇಳುವುದು ಎಷ್ಟು ಸುಲಭ! ಮುಂದಿನ ಹಲ್ಲುಗಳಿಗೆ ಬಂದಾಗ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಬೈಗುಳಕ್ಕೆ ಕಾದೆ.

"ಹುಳ ನನ್ನ ಬಾಯಾಗಿಂದೂ ಬಿದ್ದಿದ್ದೂವ್ರಿ" ಎಂದರು ಅವರು ಗೋಡೆಗೆ. "ನಮ್ಮವ್ವ ಹಿಂಗಽ ಹೊಗಿ ಹಾಕಿದ್ಲು. ಆಕೀಗೆ ಗೊತ್ತಿದ್ದ ಔಷಧ ಅದು, ಪ್ರೀತಿಲೇ ಮಾಡಿದ್ಲು. ಅಕ್ಕೋರ, ಇಷ್ಟು ವರ್ಷ ಈ ಬ್ಯಾನಿ ಬಾಯಾಗ ಇಟಗೊಂಡು ಹುಡುಗ್ಯಾರಿಗೆ ಅಕ್ಷರ ಕಲಿಸೀರಿ. ಗಟ್ಟಿ ಮನಷ್ಯಾರ ನೀವು. ಈಗ ತಿರಗಲ್ಯಾ?"

"ತಿರಗ್ರಿ" ಎಂದೆ. ಸೆರಗು ಮಡಿಲಿಗೆ ಬಿತ್ತು.

ಮುಂದಿನದೆಲ್ಲ ತಿಂಗಳುಗಟ್ಟಲೆಯ ಕೆಲಸ. ಕೆಲವನ್ನು ಕಿತ್ತರು, ಕೆಲವನ್ನು ಕೊರೆದು ತುಂಬಿದರು, ಮುಂದೆ ಮೂರು ಕಟ್ಟಿಸಿದ ಹಲ್ಲು ಕೂರಿಸಿದರು. ನೋಯಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಒಂದು ಕರಾರಿತ್ತು. ನಾನು ಕಿರುಬೆರಳೆತ್ತಿದರೆ ಅವರ ಬಲಗಾಲು ನಿಲ್ಲಬೇಕು. ಶಾಲೆಯ ಮಕ್ಕಳು ಹೊರಗೆ ಹೋಗಲು ಕೇಳುವ ಹಾಗೆ ನಾನು ಸುಮ್ಮಸುಮ್ಮನೆ ಬೆರಳೆತ್ತುತ್ತಿದ್ದೆ, ಪ್ರತಿ ಸಲವೂ ಅವರ ಕಾಲು ನಿಲ್ಲುತ್ತಿತ್ತು. ದೇವರಂಥವರು ಎಂದೇನೂ ಹೇಳುತ್ತಿಲ್ಲ. ಮುಂಗೋಪಿ. ತಂಬಾಕು ತಿಂದು ಬಂದವರನ್ನು ಮೆಟ್ಟಿಲಿಳಿಸಿ ಕಳಿಸುತ್ತಿದ್ದರು. ಆದರೆ ಡಾಕ್ಟರದೇ ಜೇಬಿನಲ್ಲಿ ಅಡಿಕೆಚೂರಿನ ಪೊಟ್ಟಣವಿತ್ತು. ಒಂದು ದಿನ ಕಿಟಕಿಯ ಹತ್ತಿರ ನಿಂತು ಕದ್ದು ಬಾಯಿಗೆ ಹಾಕಿಕೊಳ್ಳುವುದನ್ನು ನಾನು ಕಂಡೆ. "ಅಕ್ಕೋರ, ಇದನ್ನ ನೀವು ನೋಡಿಲ್ಲ" ಎಂದರು. ನಾನೂ ಗೋಡೆಯ ಕಡೆ ಮುಖ ತಿರುಗಿಸಿದೆ. ಇಬ್ಬರೂ ನಕ್ಕೆವು.

ಮುಂದಿನ ಹಲ್ಲು ಕೂರಿಸಿದ ಮರುದಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ವರ್ಗದ ಮುಂದೆ ನಿಂತು ದೊಡ್ಡದಾಗಿ "ಆ" ಎಂದೆ. ಯಾರೂ ತಿರುಗಿ ಹೇಳಲಿಲ್ಲ. ನಲವತ್ತು ಮಕ್ಕಳೂ ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದವು. ಮುಂದಿನ ಸಾಲಿನ ಅದೇ ಹುಡುಗಿ ಎದ್ದು, "ಅಕ್ಕೋರ, ನಿಮಗೂ ಹಲ್ಲ ಅದಾವೇನ್ರಿ?" ಎಂದಳು.

ನಕ್ಕುಬಿಟ್ಟೆ. ಆ ದನಿ ನನ್ನದೆಂದು ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಮಕ್ಕಳೂ ನಕ್ಕವು. ಒಂದೊಂದಾಗಿ ಕೈಗಳು ಕೆಳಗಿಳಿದವು.

ಇದನ್ನು ಅವರಿಗೆ ಹೇಳಬೇಕಿತ್ತು. ಮಕ್ಕಳು ಬಾಯಿ ಮುಚ್ಚಿಕೊಂಡದ್ದು, ಅದಕ್ಕೇ ನಾನು ಬಂದದ್ದು. ಹಲ್ಲಿನ ನಾಚಿಕೆ ಹೋದರೂ ಅದೊಂದರ ನಾಚಿಕೆ ಉಳಿದಿತ್ತು. ಮುಂದಿನ ಸಂತೆಗೆ ಹೇಳೋಣ, ಅದರ ಮುಂದಿನದಕ್ಕೆ ಹೇಳೋಣ ಎನ್ನುತ್ತ ನಾಲ್ಕೈದು ವರ್ಷ ಕಳೆದೆ. ಒಂದು ಸಂತೆಗೆ ಅವರು ಬರಲಿಲ್ಲ. ಮತ್ತೊಂದಕ್ಕೂ ಬರಲಿಲ್ಲ. ಮೂರನೆಯ ವಾರ ಅರಿವೆ ಅಂಗಡಿಯವರು ಖಣ ಮಡಚುತ್ತಾ, "ಡಾಕ್ಟರ್ ತೀರ್ಕೊಂಡ್ರಂತ್ರಿ ಅಕ್ಕೋರ. ವಿಜಾಪುರದಾಗ, ಎದಿನೋವು" ಎಂದರು.

ಮೇಲೆ ಹೋಗಿ ಒಮ್ಮೆ ಆ ಕುರ್ಚಿ ನೋಡಬೇಕೆನ್ನಿಸಿ, ಅಂಗಡಿಯವರಿಂದ ಕೀಲಿ ಇಸಿದುಕೊಂಡು ಹೊರಟೆ. ಅರ್ಧ ಮೆಟ್ಟಿಲ ಮೇಲೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಬಾಯಿಗೆ ಸೆರಗು. ನನ್ನನ್ನು ಕಂಡು ಗಡಿಬಿಡಿಯಿಂದ ಇಳಿಯಹೊರಟಳು. ಡಾಕ್ಟರಿಲ್ಲವೆಂದು ಹೇಳಿದರೆ ಇವಳು ಇಳಿದು ಹೋಗುತ್ತಾಳೆ, ಇನ್ನು ಹದಿನಾರು ವರ್ಷ ಎಲ್ಲಿಯೂ ಹತ್ತುವುದಿಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಮ್ಯಾಲ ಗಾಳಿ ಚೊಲೋ ಬರ್ತೈತಿ, ಬಾರವಾ" ಎಂದೆ. "ಸ್ವಲ್ಪ ಕುಂತು ಹೋಗೂಣು."

ಕೋಣೆಯಲ್ಲಿ ಇನ್ನೂ ಲವಂಗದ ವಾಸನೆಯಿತ್ತು. ಬಿಸಿಲಿನ ತುಂಡು ತನ್ನ ಜಾಗದಲ್ಲೇ ಬಿದ್ದಿತ್ತು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಇದ್ದದ್ದನ್ನು ಹೇಳಿದೆ. ಡಾಕ್ಟರು ಇನ್ನು ಬರುವುದಿಲ್ಲ, ಆದರೆ ವಿಜಾಪುರದ ದೊಡ್ಡ ದವಾಖಾನೆಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅವಳು ಒಲ್ಲೆನೆಂದು ತಲೆಯಲ್ಲಾಡಿಸಿದಳು. ಆಗ ನಾನು ಅವಳ ಮುಂದೆ ಬಗ್ಗಿ ಬಾಯಿ ದೊಡ್ಡದಾಗಿ ತೆರೆದೆ. ಕಿತ್ತದ್ದು, ತುಂಬಿದ್ದು, ಕಟ್ಟಿಸಿದ್ದು, ಎಲ್ಲ ತೋರಿಸಿದೆ. ಅವಳು ಎಷ್ಟೋ ಹೊತ್ತು ಒಳಗೆ ನೋಡಿದಳು.

"ನಂದು ಇದಕ್ಕಿಂತ ಭಾಳ ಕೆಟ್ಟೈತ್ರಿ" ಎಂದಳು ಸೆರಗಿನ ಹಿಂದಿನಿಂದ.

"ಇರ್ಲಿ. ನಾಲಗಿ ಆಡಿಸಿ ಒಂದೊಂದಽ ಹೇಳು. ನಾ ನೋಡಂಗಿಲ್ಲ."

ಅವರ ಸ್ಟೂಲನ್ನು ಎಳೆದುಕೊಂಡೆ. ಚೀಲದಿಂದ ಕಾಗದ, ಪೆನ್ಸಿಲ್ಲು ತೆಗೆದು, ಗೋಡೆಯ ಕಡೆ ಮುಖ ಮಾಡಿ ಕೂತೆ. ಕಣ್ಣು ತುಂಬಿ ಗೋಡೆ ಕಾಣುತ್ತಿರಲಿಲ್ಲ. ಬೆನ್ನ ಹಿಂದೆ ಕುರ್ಚಿ ಕಿರುಗುಟ್ಟಿತು.

ಆಮೇಲೆ ಅವಳು ಮೆಲ್ಲಗೆ, "ಹಾಜರ್" ಎಂದಳು.