ಬೀಡಿನ ಮುಚ್ಚಳಕ್ಕೆ ಇಟ್ಟ ಕುಂಕುಮ

ಮೊನ್ನೆ ನಮ್ಮ ಯಳಂದೂರಿನ ವರ್ಕ್‌ಶಾಪಿಗೆ ತುಕ್ಕು ತಡೆಯುವ ಎಣ್ಣೆಯ ಹೊಸ ಡಬ್ಬಿ ಬಂತು. ಬಿರಡೆ ತೆಗೆದೆ ಅಷ್ಟೆ, ಆ ಘಾಟು ಮೂಗಿಗೆ ಬಡಿದ ಕೂಡಲೇ ಕೊಳ್ಳೇಗಾಲದ ಹನೂರು ರಸ್ತೆಯ ಹಳೆಯ ಲೇತ್ ಅಂಗಡಿ ಕಣ್ಮುಂದೆ ಬಂದು ನಿಂತಿತು. ಅಂಗಡಿಯ ಜೊತೆಗೆ ಅಣ್ಣನೂ...

ಅಣ್ಣ ನನ್ನ ಒಡಹುಟ್ಟಿದವರಲ್ಲ, ಆ ಅಂಗಡಿಯ ಮಾಲೀಕರು. ಧನಗೆರೆಯವರು. ನಾನು ಮಾಂಬಳ್ಳಿಯಿಂದ ಬಸ್ಸಿನಲ್ಲಿ ಬಂದು ಅಲ್ಲಿ ಅಳತೆ ನೋಡುವ ಕೆಲಸ ಮಾಡುತ್ತಿದ್ದೆ. ಮೊದಲೆಲ್ಲ ಕಬ್ಬಿನ ಗಾಣದ ಶಾಫ್ಟು, ಬೋರ್‌ವೆಲ್ ಮೋಟರಿನ ಬುಷ್ಷು, ಇಂಥವೇ ರಿಪೇರಿಗಳು. ಆಮೇಲೆ ಮೈಸೂರಿನ ಕಂಪನಿಯೊಂದರ ಜಾಬ್‌ವರ್ಕ್ ಬಂತು. ಪೆಟ್ರೋಲು, ಗ್ಯಾಸು ಇರುವ ಕಡೆ ಹಾಕುವ ಸ್ವಿಚ್ ಪೆಟ್ಟಿಗೆಗಳಿಗೆ ಬೀಡುಕಬ್ಬಿಣದ ಮುಚ್ಚಳ. ಅವರು ಎರಕ ಹೊಯ್ದು ಕಳಿಸುತ್ತಿದ್ದರು, ನಾವು ಅಂಚನ್ನು ನುಣ್ಣಗೆ ಕಡೆದು ಕೊಡಬೇಕಿತ್ತು.

ಕಂಪನಿಯ ಇಂಜಿನಿಯರ್ ಖುದ್ದು ಬಂದು ಬಿಡಿಸಿ ಹೇಳಿದ್ದರು. ಪೆಟ್ಟಿಗೆಯೊಳಗೆ ಸೇರಿದ ಗ್ಯಾಸು ಕಿಡಿ ತಾಗಿ ಸಿಡಿದರೂ, ಬೆಂಕಿ ಮುಚ್ಚಳದ ಸಂದಿಯಲ್ಲಿ ಹಾದು ಬರುವಷ್ಟರಲ್ಲಿ ತಣ್ಣಗಾಗಬೇಕು, ಹೊರಗಿನ ಗ್ಯಾಸಿಗೆ ತಾಕಬಾರದು. ಹಾಗಾಗಿ ಆ ಅಂಚಿನಲ್ಲಿ ಗೀರು, ಗುಳಿ, ತುಕ್ಕು ಯಾವುದೂ ಇರಕೂಡದು. ಕೆಟ್ಟದ್ದಕ್ಕೆ ಪುಟ್ಟಿ ಮೆತ್ತಬಾರದು, ವೆಲ್ಡ್ ಮಾಡಬಾರದು. ಎಮರಿ ಕಾಗದದಲ್ಲಿ ಉಜ್ಜಲೂಬಾರದು, ಉಜ್ಜಿದರೆ ಸಂದಿ ದೊಡ್ಡದಾಗುತ್ತದೆ. ಅಂಥದ್ದಕ್ಕೆ ಕೆಂಪು ಬಣ್ಣ ಬಳಿದು ಬೇರೆ ಇಟ್ಟು, ತಮಗೆ ತಿಳಿಸಬೇಕು.

ಅಣ್ಣ ಅದನ್ನು ವ್ರತದ ಹಾಗೆ ಹಿಡಿದರು. ಟೀ ತಂದುಕೊಡುವವನನ್ನೂ ನಿಲ್ಲಿಸಿಕೊಂಡು ಬೆಂಕಿಯ ಪಾಠ ಹೇಳುತ್ತಿದ್ದರು, ಅಷ್ಟರಲ್ಲಿ ನಮ್ಮ ಟೀ ಆರಿ ನೀರಾಗಿರುತ್ತಿತ್ತು. ಗಾಣದ ಕೆಲಸ ತಂದವರನ್ನು ‘ಇಲ್ಲಿ ಧೂಳೆಬ್ಬುಸ್ಬೇಡಿ ಕಣ್ರಿ’ ಎಂದು ವಾಪಸ್ ಅಟ್ಟಿಬಿಟ್ಟರು. ಅಂಗಡಿಯ ಬದುಕೆಲ್ಲ ಆ ಒಂದೇ ಕಂಪನಿಯ ಕೈಗೆ ಹೋಯಿತು. ಆಗ ನಮಗ್ಯಾರಿಗೂ ಅದು ಹೊಳೆಯಲೇ ಇಲ್ಲ.

ಆ ವರ್ಷದ ಆಯುಧ ಪೂಜೆ... ಮುಚ್ಚಳಗಳೆಲ್ಲ ತಯಾರಾಗಿದ್ದವು, ಹಬ್ಬ ಮುಗಿದ ಮೇಲೆ ಗಾಡಿ ಬರುವುದಿತ್ತು. ಲೇತಿಗೆ ಹಾರ ಹಾಕಿದ್ದಾಯಿತು. ಅಣ್ಣ ಮುಚ್ಚಳಗಳನ್ನೂ ಸಾಲಾಗಿ ಜೋಡಿಸಿ, ತುಕ್ಕು ಹಿಡಿಯದಂತೆ ಹಚ್ಚಿದ್ದ ಎಣ್ಣೆ ಒರೆಸಿ ತೆಗೆದು, ಒಂದೊಂದಕ್ಕೂ ವಿಭೂತಿ ಎಳೆದು, ನೀರಿನಲ್ಲಿ ಕಲಸಿದ ಕುಂಕುಮದ ಬೊಟ್ಟಿಟ್ಟರು. ಫಳಫಳ ಹೊಳೆಯುವ ಅಂಚಿನ ಮೇಲೆಯೇ ಇಟ್ಟರು. ‘ಅನ್ನ ಕೊಡೊ ದ್ಯಾವ್ರು ಕಣವ್ವ ಇವು’ ಅಂದರು ನನಗೆ. ನಾವೆಲ್ಲ ಕೈ ಮುಗಿದೆವು. ಬಾಗಿಲು ಹಾಕಿಕೊಂಡು ಅವರು ಮಾದಪ್ಪನ ಬೆಟ್ಟಕ್ಕೆ ಹೊರಟರು.

ರಜೆ ಮುಗಿಸಿ ಬಂದಾಗ ಅನಾಹುತ ಆಗಿಹೋಗಿತ್ತು. ಬಟ್ಟೆಯಲ್ಲಿ ಒರೆಸಿದರೆ ಬೊಟ್ಟೇನೋ ಹೋಯಿತು, ಅದರಡಿ ತುಕ್ಕಿನ ಕಲೆ, ಉಗುರಿಗೆ ಸಿಗುವಂಥ ಸಣ್ಣ ಗುಳಿಗಳು. ಎಲ್ಲ ಮುಚ್ಚಳಕ್ಕೂ ಹಾಗೆಯೇ...

ಲೇತ್ ಓಡಿಸುತ್ತಿದ್ದ ಅಣ್ಣನ ಭಾಮೈದ, ‘ಎಮರೀಲಿ ಉಜ್ಬುಟ್ಟು ಎಣ್ಣೆ ಆಕ್ಬುಡವ ಬಾವ. ಯಾರ್ಗ್ ಕಂಡಾದು?’ ಎಂದ.

‘ಜನುಕ್ ಕಾಣಕಿಲ್ಲ ಕಣ್ಲಾ. ಬೆಂಕಿಗ್ ಕಾಣ್ತದೆ’ ಅಂದರು ಅಣ್ಣ.

ಕೆಂಪು ಬಣ್ಣದ ಡಬ್ಬಿ ತೆಗೆದು ಎಲ್ಲದಕ್ಕೂ ತಾವೇ ಬಳಿದರು. ಮೈಸೂರಿಗೆ ಫೋನ್ ಮಾಡಿ, ‘ಸಾ, ಪೂಜೆ ಮಾಡಿ ಕೆಡುಸ್ಬುಟ್ಟೆ ಸಾ. ಒಂದ್ನೂ ಬಳಸ್ಬ್ಯಾಡಿ’ ಎಂದರು.

ಇಂಜಿನಿಯರ್ ಬಂದು ನೋಡಿದರು. ನಿಮ್ಮಂಥವರು ಸಿಗುವುದು ಕಷ್ಟ ಎಂದು ಬೆನ್ನು ತಟ್ಟಿ ಹೋದರು. ಆಮೇಲೆ ಎರಕ ಬರುವುದು ನಿಂತೇಹೋಯಿತು. ಜಗಳವಿಲ್ಲ, ಮಾತಿಲ್ಲ. ಸಿಗುವುದು ಕಷ್ಟ ಎಂದವರೇ ಸಿಕ್ಕವರನ್ನು ಕೈಬಿಟ್ಟರು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಗಾಣದವರು ಅಷ್ಟು ಹೊತ್ತಿಗೆ ಬೇರೆ ಅಂಗಡಿ ಹಿಡಿದಿದ್ದರು. ಕೊನೆಗೆ ಲೇತನ್ನು ಹನೂರಿನವರೊಬ್ಬರಿಗೆ ಮಾರಬೇಕಾಯಿತು. ಟ್ರ್ಯಾಕ್ಟರಿಗೆ ಏರಿಸುವ ಮುಂಚೆ ಅಣ್ಣ ಹೆಗಲ ಮೇಲಿನ ಟವೆಲಿನಲ್ಲೇ ಅದನ್ನು ಒರೆಸಿದರು. ನಾನು ತಡೆಯಲಾರದೆ, ‘ಅವತ್ತು ಉಜ್ಬುಟ್ಟಿದ್ರೆ ಅಣ್ಣಾ...’ ಎಂದೆ.

‘ಸುಮ್ಕಿರವ್ವ. ಅದುಕ್ಕಲ್ಲ ನನ್ನ ಸಂಕ್ಟ. ಬಕ್ತಿಯಿಂದ್ಲೇ ಇಟ್ಟೆ ಕಣವ್ವ... ಮಾದಪ್ಪಂಗೆ ನನ್ ಕೈ ಬ್ಯಾಡಾಯ್ತೇನೊ.’

ಅಷ್ಟು ಹೇಳಿ ಮುಖ ಆ ಕಡೆ ತಿರುಗಿಸಿಕೊಂಡರು. ಅಲ್ಲ ಅಣ್ಣ, ನೀರಿಗೂ ಕಬ್ಬಿಣಕ್ಕೂ ಆಗಿಬರದು, ಅಷ್ಟೆ, ಎಂದು ಎಷ್ಟೋ ಹೇಳಿದೆ. ಅವರ ಮನಸ್ಸಿಗೆ ಅದು ಹೋಗಲಿಲ್ಲ. ಮುಂದಿನ ದಸರಾ ಬರುವುದರೊಳಗೆ, ಒಂದು ಬೆಳಗ್ಗೆ ಎದೆನೋವು ಎಂದವರು ಮತ್ತೆ ಏಳಲಿಲ್ಲವಂತೆ. ಸುದ್ದಿ ತಿಳಿದು ನಾನು ಧನಗೆರೆ ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು. ಮುಖ ಕೂಡ ನೋಡಲು ಸಿಗಲಿಲ್ಲ...

ಈಗ ಯಳಂದೂರಿನಲ್ಲಿ ನಾನು ನೋಡುವುದೂ ಅದೇ ಕಂಪನಿಯ ಮುಚ್ಚಳಗಳನ್ನೇ. ಹೊಟ್ಟೆಪಾಡು, ಕೋಪ ಇಟ್ಟುಕೊಂಡು ಕೂರಲಾಗುತ್ತದೆಯೇ? ಹೊರಗಡೆ ಕೆಲಸ ಮಾಡಿಕೊಡುವ ಅಂಗಡಿಗಳಿಗೆಲ್ಲ ಕಂಪನಿ ಕೊಟ್ಟ ನಿಯಮಗಳ ಹಾಳೆ ನಮ್ಮ ಗೋಡೆಯ ಮೇಲೂ ಇದೆ. ಗೀರು, ಪುಟ್ಟಿ, ವೆಲ್ಡು, ಎಮರಿ, ಎಲ್ಲ ಹಳೆಯವೇ. ಆದರೆ ಅಣ್ಣನ ಕಾಲದಲ್ಲಿ ಇಲ್ಲದ ಒಂದು ಸಾಲು ಕೊನೆಯಲ್ಲಿದೆ: ಪೂಜೆಯ ಸಮಯದಲ್ಲಿ ಕಡೆದ ಅಂಚಿಗೆ ಅರಿಶಿನ, ಕುಂಕುಮ, ವಿಭೂತಿ ಹಚ್ಚಬಾರದು.

ಈ ವಾರ ಕೆಲಸಕ್ಕೆ ಸೇರಿದ ಹುಡುಗಿ ಅದನ್ನು ಜೋರಾಗಿ ಓದಿ ಕಿಸಕ್ಕನೆ ನಕ್ಕಳು.

‘ಇದ್ನೂ ಬರೀಬೇಕಾ? ಯಾರಕ್ಕ ಅಂತ ಪೆದ್ದು ಕೆಲ್ಸ ಮಾಡಿರದು?’

ಅಳತೆಯ ಗೇಜು ಕೆಳಗಿಟ್ಟೆ.

‘ನಮ್ಮಣ್ಣ ಕಣವ್ವ’ ಅಂದೆ. ‘ಅದ್ನ ಅವ್ರೇ ಫೋನ್ ಮಾಡಿ ಏಳ್ದೆ ಇದ್ದಿದ್ರೆ, ಯಾರ್ಗೂ ಗೊತ್ತೇ ಆಯ್ತಿರ್ಲಿಲ್ಲ.’